ಮೈ ನೋಡಿ ಆರೋಗ್ಯ ಅಳೆಯಬೇಡಿ

ಕಳೆದ ಬೇಸಿಗೆ ರಜೆಯಲ್ಲಿ ಸಾಲಿಗ್ರಾಮದ ನನ್ನ ಚಿಕಿತ್ಸಾಲಯಕ್ಕೆ ಅಜ್ಜಿಯೊಬ್ಬರು ಇಬ್ಬರು ಮೊಮ್ಮಕ್ಕಳನ್ನು ಕರೆತಂದರು. "ಡಾಕ್ಟ್ರೇ, ಇವ್ಳಿಗೆ ಮೈ ತುಂಬ್ಲಿಕ್ಕೆ ಒಂದು ಟಾನಿಕ್ ಕೊಡಿ, ಅವ್ಳಿಗೆ ಮೈ ಇಳಿಲಿಕ್ಕೆ ಒಂದು ಮಾತ್ರೆ ಕೊಡಿ" ಎಂದರು.

ಇಬ್ಬರಿಗೂ 16 ವರ್ಷ, ಎತ್ತರ 155 ಸೆಂಟಿಮೀಟರ್. ಊರಿನವಳ ತೂಕ 38 ಕಿಲೋ, ಬೆಂಗಳೂರಿನವಳದು 66 ಕಿಲೋ. ಒಬ್ಬಳ ತೂಕ ಕಡಿಮೆ, ಇನ್ನೊಬ್ಬಳದು ಹೆಚ್ಚು. ಆದರೆ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಒಬ್ಬಳಿಗೆ 9, ಮತ್ತೊಬ್ಬಳಿಗೆ 10 ಗ್ರಾಂ! ಈ ವಯಸ್ಸಿನಲ್ಲಿ ಅದು ಕನಿಷ್ಠ 12 ಗ್ರಾಂ ಇರಬೇಕು.

ಊರಿನ ಹುಡುಗಿ ಬೆಳಿಗ್ಗೆ ಚಹಾ, ಎರಡು ಬಿಸ್ಕತ್ತು ತಿಂದು ಬಸ್ಸಿಗೆ ಓಡುತ್ತಾಳೆ. ಹತ್ತನೆಯ ತರಗತಿಯವರೆಗೆ ಸಿಗುತ್ತಿದ್ದ ಬಿಸಿಯೂಟ ಪಿಯುಸಿಗೆ ನಿಂತುಹೋಯಿತು. ರಾತ್ರಿ ಗಂಜಿ, ಉಪ್ಪಿನಕಾಯಿ. ಪೇಟೆಯವಳು ತೆಳ್ಳಗಾಗುವ ಆಸೆಯಿಂದ ಬೆಳಗಿನ ತಿಂಡಿ ಬಿಟ್ಟಿದ್ದಾಳೆ; ಸಂಜೆ ಹಸಿವು ತಡೆಯದೆ ಪಫ್ಸ್, ನೂಡಲ್ಸ್, ತಂಪು ಪಾನೀಯ. ಒಂದು ಸಣ್ಣ ಬಾಟಲಿ ಪಾನೀಯದಲ್ಲೇ ಸುಮಾರು ಆರೇಳು ಚಮಚ ಸಕ್ಕರೆ ಇರುತ್ತದೆ. ಹೊಟ್ಟೆ ತುಂಬಿದರೂ ಕಬ್ಬಿಣದಂಶ ಇಬ್ಬರಿಗೂ ಸಿಗಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಈ ವಯಸ್ಸಿನಲ್ಲಿ ಮೈ ಬೆಳೆಯುತ್ತದೆ, ತಿಂಗಳು ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಸುಸ್ತು, ತಲೆಸುತ್ತು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. "ಸೋಮಾರಿ" ಎಂದು ಬೈಯುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಈ ಕೊರತೆ ಹಾಗೇ ಉಳಿದರೆ ಮುಂದೆ ಗರ್ಭಿಣಿಯಾದಾಗ ತಾಯಿಗೂ ಮಗುವಿಗೂ ಅಪಾಯ.

ಏನು ಮಾಡಬೇಕು? ದುಬಾರಿ ಟಾನಿಕ್ ಬೇಡ. ಬೆಳಗಿನ ತಿಂಡಿ ಎಂದೂ ತಪ್ಪಿಸಬೇಡಿ. ಕುಚ್ಚಲಕ್ಕಿ ಗಂಜಿಯ ಜೊತೆ ಹೆಸರುಕಾಳಿನ ಪಲ್ಯವಿರಲಿ. ಹಿತ್ತಲಿನ ಹರಿವೆ, ಬಸಳೆ, ನುಗ್ಗೆಸೊಪ್ಪು ವಾರಕ್ಕೆ ಮೂರ್ನಾಲ್ಕು ದಿನ ಬೇಕು. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಒಳ್ಳೆಯದು. ಊಟದೊಂದಿಗೆ ಲಿಂಬೆ ಅಥವಾ ನೆಲ್ಲಿಕಾಯಿ ಸೇರಿಸಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಎಸೆಯಬೇಡಿ. ಅದರಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಆದರೆ ರಕ್ತ ಈಗಾಗಲೇ ಕಡಿಮೆಯಿದ್ದರೆ ವಾರಕ್ಕೊಂದು ಮಾತ್ರೆ ಸಾಲದು, ವೈದ್ಯರ ಸಲಹೆಯಂತೆ ದಿನವೂ ನುಂಗಬೇಕು.

ತೂಕ ಹೆಚ್ಚಿರುವವರು ಉಪವಾಸ ಮಾಡಬೇಡಿ. ಕರಿದದ್ದು, ಸಿಹಿ ಪಾನೀಯ ಬಿಡಿ. ದಿನಕ್ಕೆ ಒಂದು ಗಂಟೆ ಆಟ, ನಡಿಗೆ ಇರಲಿ. ಊಟ ಬಿಟ್ಟು ಮುಟ್ಟು ನಿಂತರೆ ಕೂಡಲೇ ವೈದ್ಯರಿಗೆ ತೋರಿಸಿ.

ಅಜ್ಜಿಗೆ ನಾನು ಟಾನಿಕ್ಕನ್ನೂ ಕೊಡಲಿಲ್ಲ, ಮೈ ಇಳಿಸುವ ಮಾತ್ರೆಯನ್ನೂ ಕೊಡಲಿಲ್ಲ. ಇಬ್ಬರಿಗೂ ಒಂದೇ ಕಬ್ಬಿಣದ ಮಾತ್ರೆ ಬರೆದು, "ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿ ಅಮ್ಮಾ, ಯಾರ ಮೈಯನ್ನೂ ಆಡಿಕೊಳ್ಳಬೇಡಿ" ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ.