ಬೋರ್ಡ್ ಸತ್ತಿದೆ ಅನ್ನುವ ಮುನ್ನ ಶಾರ್ಟ್ ಹುಡುಕಿ

ಹೈದರಾಬಾದಿನ ಸುಲ್ತಾನ್ ಬಜಾರ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಕೋಠಿಯ ಗುಜರಾತಿ ಗಲ್ಲಿ ಹೊಕ್ಕರೆ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಬಿಡಿ ಮಾಸ್‌ಫೆಟ್ ಎಲ್ಲವೂ ಸಿಗುತ್ತವೆ. ಬೀದರ್, ಕಲಬುರಗಿಯಿಂದ ಸತ್ತ ಮದರ್‌ಬೋರ್ಡ್ ಹಿಡಿದು ಅಲ್ಲಿಗೆ ಹೊರಡುವ ಮೊದಲು ಮನೆಯಲ್ಲೇ ಮುಗಿಸಬಹುದಾದ ಪರೀಕ್ಷೆಗಳಿವೆ. ಸಾಸಿವೆ ಕಾಳಿನಷ್ಟಿರುವ ಒಂದು ಕೆಪಾಸಿಟರ್ ಕೆಟ್ಟದ್ದಕ್ಕೆ ಇಡೀ ಬೋರ್ಡ್ ಗುಜರಿ ಸೇರುವುದು ನನಗಂತೂ ಸಹಿಸದ ಸಂಗತಿ.

ಪವರ್ ಬಟನ್ ಒತ್ತಿದಾಗ ಫ್ಯಾನ್ ಒಮ್ಮೆ ಅಲುಗಿ ನಿಂತುಬಿಟ್ಟರೆ ಶಾರ್ಟ್ ಇದೆಯೆಂಬ ಸಂಶಯ ಗಟ್ಟಿ. ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ಕರೆಂಟ್ ಕಡಿದಿರುತ್ತದೆ. ಪ್ಲಗ್ ಕಿತ್ತು, ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿಯಿರಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಅದರ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್ ಆಸುಪಾಸು ಉಳಿದಿರಬಹುದು.

ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ಯುಎಸ್‌ಬಿ ವೈರುಗಳನ್ನೆಲ್ಲ ತೆಗೆಯಿರಿ. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ರಟ್ಟಿನ ಮೇಲಿಟ್ಟು, ಪ್ರೊಸೆಸರ್ ಮತ್ತು ಒಂದೇ ರ‍್ಯಾಮಿನೊಂದಿಗೆ ಚಾಲೂ ಮಾಡಿ ನೋಡಿ. ಓಡಿದರೆ ತಪ್ಪು ಬೋರ್ಡಿನದಲ್ಲ: ಬೋರ್ಡಿನಡಿ ಹೆಚ್ಚುವರಿ ಹಿತ್ತಾಳೆ ಸ್ಟ್ಯಾಂಡಾಫ್ ತಾಗುತ್ತಿರಬಹುದು, ಅಥವಾ ತೆಗೆದಿಟ್ಟವುಗಳಲ್ಲೊಂದು ಕೆಟ್ಟಿರಬಹುದು.

ಓಡದಿದ್ದರೆ ಎಸ್‌ಎಂಪಿಎಸ್ ವೈರುಗಳನ್ನೂ ಬಿಚ್ಚಿ, ಮಲ್ಟಿಮೀಟರನ್ನು ಓಮ್ಸ್‌ಗೆ ತಿರುಗಿಸಿ. ಮೊದಲು ಎರಡೂ ಪ್ರೋಬ್ ಮುಟ್ಟಿಸಿ, ತೋರುವ 0.3 ಓಮ್‌ನಂಥ ಅಂಕಿ ವೈರಿನದು, ಅದನ್ನು ಕಳೆಯಬೇಕು. ಕಪ್ಪು ಪ್ರೋಬ್ ಸ್ಕ್ರೂ ತೂತಿನ ಸುತ್ತಲಿನ ಲೋಹಕ್ಕೆ. ಕೆಂಪು ಪ್ರೋಬ್ 24 ಪಿನ್ ಕನೆಕ್ಟರಿನಲ್ಲಿ ಹಳದಿ (12 ವೋಲ್ಟ್), ಕೆಂಪು (5), ಕಿತ್ತಳೆ (3.3), ನೇರಳೆ (5 ಸ್ಟ್ಯಾಂಡ್‌ಬೈ) ವೈರುಗಳ ಜಾಗಕ್ಕೆ, ಆಮೇಲೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಹಳದಿಗೆ. 12 ವೋಲ್ಟ್ ಸಾಲಿನಲ್ಲಿ ಒಂದೆರಡು ಓಮ್ ಬಂದರೆ ಶಾರ್ಟ್ ಇದೆ.

ಎಚ್ಚರ ಬೇಕಾದದ್ದು ಪ್ರೊಸೆಸರ್ ಸುತ್ತಲಿನ ಕಾಯಿಲುಗಳಲ್ಲಿ. ಅಲ್ಲಿ ಬೀಪ್ ಕೇಳಿದ ಕೂಡಲೇ ಶಾರ್ಟ್ ಎಂದು ತೀರ್ಮಾನಿಸುವವರು ಬಹಳ. ಪ್ರೊಸೆಸರ್ ಕೂತಿದ್ದಾಗ ಕಾಯಿಲಿನಲ್ಲಿ ಒಂದೆರಡು ಓಮ್, ಅದಕ್ಕಿಂತ ಕಡಿಮೆ ತೋರಿದರೂ ಸಹಜವೇ. ಪ್ರೊಸೆಸರ್ ತೆಗೆದು ಮತ್ತೆ ಅಳೆಯಿರಿ, ಸಾಕೆಟ್ಟಿನ ಪಿನ್ ಬಾಗಿವೆಯೇ ಎಂದೂ ನೋಡಿ. ಬಳಿಕ 12 ವೋಲ್ಟ್ ಪಿನ್ನಿಗೂ ಒಂದೊಂದು ಕಾಯಿಲಿಗೂ ನಡುವೆ ಅಳೆಯಿರಿ. ಸೊನ್ನೆಗೆ ಹತ್ತಿರ ಬಂದರೆ ಆ ಕಾಯಿಲಿಗೆ 12 ವೋಲ್ಟ್ ಬಿಡುವ ಮೇಲಿನ (ಹೈ-ಸೈಡ್) ಮಾಸ್‌ಫೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಪ್ರೊಸೆಸರ್ ಇಟ್ಟು ಕರೆಂಟ್ ಕೊಡಲೇಬಾರದು: ಸುಮಾರು 1 ವೋಲ್ಟಿನಲ್ಲಿ ಓಡುವ ಚಿಪ್ಪಿಗೆ 12 ವೋಲ್ಟ್ ನುಗ್ಗುತ್ತದೆ.

ಸೆರಾಮಿಕ್ ಕೆಪಾಸಿಟರ್ ಶಾರ್ಟ್ ಆಗಿದ್ದರೆ ಮೀಟರಿಗೆ ಸಿಗುವುದು ಕಷ್ಟ. ಒಂದೇ ಸಾಲಿನಲ್ಲಿ ಸಮಾಂತರವಾಗಿ ಕೂತವೆಲ್ಲ ಬೀಪ್ ಅನ್ನುತ್ತವೆ. ಬೆಂಚ್ ಪವರ್ ಸಪ್ಲೈ ಇದ್ದರೆ ಪ್ರೊಸೆಸರ್ ತೆಗೆದು, ಶಾರ್ಟ್ ಸಾಲಿಗೆ 1 ವೋಲ್ಟ್ ಮೀರದಂತೆ, 1 ಆಂಪಿಯರ್ ಮಿತಿಯಿಂದ ಶುರುಮಾಡಿ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ, ದೀಪ ಓರೆಯಾಗಿ ಹಿಡಿಯಿರಿ. ಕೆಟ್ಟ ಬಿಡಿಭಾಗದ ಮೇಲೆ ಅದು ಎಲ್ಲಕ್ಕಿಂತ ಮೊದಲು ಆರಿ, ತೇವದ ನಡುವೆ ಒಣ ಚುಕ್ಕೆ ಕಾಣುತ್ತದೆ. ಇದು ಬೆಂಕಿ ಹಿಡಿಯುವ ದ್ರವ, ಕಾದ ಐರನ್ ದೂರವಿರಲಿ.

ಆ ಭಾಗ ತೆಗೆದು ಮತ್ತೆ ಅಳೆಯಿರಿ. ಶಾರ್ಟ್ ಹೋದರೆ ಅದೇ ಅಳತೆಯ, ಅದೇ ವೋಲ್ಟೇಜಿನದನ್ನು ಹಾಕಿಸಿ. ಬಿಸಿಯಾಗುವುದು ಚಿಪ್‌ಸೆಟ್ಟೇ ಆದರೆ ರಿಪೇರಿಗೆ ದುಡ್ಡು ಸುರಿಯದೆ ಬೇರೆ ಬೋರ್ಡ್ ನೋಡುವುದು ಒಳ್ಳೆಯದು.