ಸಮವಸ್ತ್ರವೂ ಸಾಲೂ: ಬಾಲಚರರ ಶಿಸ್ತಿನ ವಿಷಯವಾಗಿ ಒಂದು ಪಾಠ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿರುವ ನಮ್ಮ ಸಭೆಗಳ ಮಕ್ಕಳು ಈಗ ಶಾಲೆಗೆ ಹೋಗುವವರಾಗಿದ್ದಾರೆ. ಶಾಲೆಯಲ್ಲಿ ಬಾಲಚರ ದಳವಿದ್ದರೆ, ಅಂದರೆ ಗಂಡುಮಕ್ಕಳಿಗೆ ಸ್ಕೌಟು, ಹೆಣ್ಣುಮಕ್ಕಳಿಗೆ ಗೈಡು ಎಂಬ ಸಂಘವಿದ್ದರೆ, ಮಗನಾಗಲಿ ಮಗಳಾಗಲಿ ಸಂಜೆಗೆ ಮನೆಗೆ ಬಂದು, ‘ನನಗೆ ಸಮವಸ್ತ್ರ ಬೇಕು, ನಾಳೆ ಕವಾಯತು ಇದೆ’ ಎಂದು ಕೇಳುವದುಂಟು. ಆಗ ತಂದೆತಾಯಿಗಳಲ್ಲಿ ಮೂರು ಸಂದೇಹಗಳು ಹುಟ್ಟುತ್ತವೆ. ಇದು ಬರೀ ತೋರಿಕೆಯೋ? ಇದು ಮಕ್ಕಳನ್ನು ಸಿಪಾಯಿಗಳನ್ನಾಗಿ ಮಾಡುವ ದಾರಿಯೋ? ಕೂಲಿಯಿಂದ ಜೀವಿಸುವ ನಾವು ಈ ಖರ್ಚನ್ನು ಹೊರುವದು ಹೇಗೆ? ಈ ಸಂದೇಹಗಳು ಹಗುರವಾದವುಗಳಲ್ಲ. ಆದುದರಿಂದ ಸಮವಸ್ತ್ರವೂ ಸಾಲೂ ಯಾವ ಕಾರಣದಿಂದ ಹುಟ್ಟಿದವು, ಅವುಗಳ ನಿಯಮಗಳೇನು, ಅವು ಯಾವಾಗ ಕೆಡುತ್ತವೆ ಎಂಬದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

೧. ಇದು ಹುಟ್ಟಿದ ಬಗೆ

ಮಕ್ಕಳಿಗೆ ಕವಾಯತನ್ನು ಕಲಿಸುವ ಈ ಪದ್ಧತಿಯ ಒಂದು ಬೇರು ರವಿವಾರದ ಶಾಲೆಯಲ್ಲಿ ಇರುವದು. ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ವಿಲಿಯಮ್ ಅಲೆಗ್ಸಾಂಡರ್ ಸ್ಮಿತ್ ಎಂಬ ರವಿವಾರ ಶಾಲೆಯ ಉಪಾಧ್ಯಾಯನಿದ್ದನು. ದೊಡ್ಡ ಹುಡುಗರು ಪಾಠದ ವೇಳೆಯಲ್ಲಿ ಗದ್ದಲ ಮಾಡುತ್ತಿದ್ದರು. ಬೆಳೆದಂತೆಲ್ಲಾ ಶಾಲೆಯನ್ನೇ ಬಿಟ್ಟುಹೋಗುತ್ತಿದ್ದರು. ಸ್ವಯಂಸೇವಕ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಸ್ಮಿತ್ತನು ಕವಾಯತಿನ ಕ್ರಮವನ್ನು ಈ ಹುಡುಗರಿಗೆ ಉಪಯೋಗಿಸಿ ನೋಡೋಣವೆಂದು ೧೮೮೩ನೆಯ ಅಕ್ಟೋಬರ ೪ರಂದು ಬಾಯ್ಸ್ ಬ್ರಿಗೇಡ್ ಎಂಬ ಸಂಘವನ್ನು ಆರಂಭಿಸಿದನು. ಬಡ ಹುಡುಗರಿಗೆ ಪೂರ್ಣ ಪೋಷಾಕು ಹೊಲಿಸುವ ಶಕ್ತಿಯಿರಲಿಲ್ಲ. ಆದಕಾರಣ ದಿನನಿತ್ಯದ ಬಟ್ಟೆಯ ಮೇಲೆಯೇ ಒಂದು ಟೊಪ್ಪಿಗೆ, ಒಂದು ಪಟ್ಟ, ಒಂದು ಹೆಗಲಚೀಲ, ಇಷ್ಟನ್ನೇ ಧರಿಸುವ ಪದ್ಧತಿ ಅಲ್ಲಿ ಬಂದಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಲಿ.

ಈ ಹುಡುಗರ ಕವಾಯತನ್ನು ೧೯೦೪ರಲ್ಲಿ ನೋಡಿ ಮೆಚ್ಚಿದವರಲ್ಲಿ ಸೇನಾಪತಿ ಬೇಡನ್ ಪೊವೆಲ್ ಒಬ್ಬನು. ೧೯೦೭ರ ಆಗಸ್ಟ ತಿಂಗಳಲ್ಲಿ ಅವನು ಇಂಗ್ಲೆಂಡಿನ ಬ್ರೌನ್‌ಸೀ ಎಂಬ ನಡುಗಡ್ಡೆಯಲ್ಲಿ ಸುಮಾರು ೨೦ ಹುಡುಗರ ಶಿಬಿರವನ್ನು ನಡಿಸಿದನು. ಅವರಲ್ಲಿ ಶ್ರೀಮಂತರ ಮಕ್ಕಳೂ ದುಡಿಯುವವರ ಮಕ್ಕಳೂ ಕೂಡಿದ್ದರು. ಅವರನ್ನು ಬೆರಸಿ ನಾಲ್ಕು ಗುಂಪುಗಳನ್ನು ಮಾಡಿದನು. ಒಂದೊಂದು ಗುಂಪಿಗೆ ನೀಲಿ, ಹಸುರು, ಹಳದಿ, ಕೆಂಪು ಎಂದು ಒಂದೊಂದು ಬಣ್ಣ. ಆ ಬಣ್ಣದ ಉಣ್ಣೆಯ ದಾರದ ಗಂಟು ಹೆಗಲ ಮೇಲೆ. ಆ ಶಿಬಿರದಲ್ಲಿ ಅದು ಗುಂಪಿನ ಗುರುತಾಗಿತ್ತು. ಮಾರನೆಯ ವರುಷ ಅವನ ಪುಸ್ತಕವು ಪ್ರಕಟವಾಗಲು ಬಾಲಚರ ಚಳವಳಿಯು ದೇಶದೇಶಗಳಿಗೆ ಹಬ್ಬಿತು.

ನಮ್ಮ ಕನ್ನಡ ನಾಡಿಗೆ ಅದು ಬೇಗನೆ ಬಂತು. ೧೯೦೯ರಲ್ಲಿಯೇ ಬೆಂಗಳೂರಿನಲ್ಲಿ ದಳವು ಹುಟ್ಟಿತು. ಆದರೆ ಅದು ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗಾಗಿ ಇತ್ತು. ಈ ನಾಡಿನ ಮಕ್ಕಳಿಗೆ ಆ ಸಾಲಿನಲ್ಲಿ ಸ್ಥಳವಿರಲಿಲ್ಲ. ಆಗ ಆನಿ ಬೆಸಂಟ್, ಮದನಮೋಹನ ಮಾಳವೀಯ ಮೊದಲಾದವರು ಭಾರತೀಯ ಮಕ್ಕಳಿಗಾಗಿ ಬೇರೆ ಬೇರೆ ಸಂಘಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ, ೧೯೫೦ನೆಯ ನವೆಂಬರ ೭ರಂದು, ಬೇರೆಯಾಗಿದ್ದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಘವಾಯಿತು. ಎಲ್ಲರನ್ನು ಒಂದು ಮಾಡುವದಕ್ಕೆ ಹುಟ್ಟಿದ ಸಾಲಿನಲ್ಲಿಯೂ ಪಂಕ್ತಿಭೇದವು ನುಗ್ಗಬಹುದೆಂಬದಕ್ಕೆ ಇದು ಸಾಕ್ಷಿ.

ನಮ್ಮ ಸೀಮೆಯಲ್ಲಿ ಕವಾಯತಿನ ಮಾತು ಬಂದಾಗ ಡಾಕ್ಟರ ನಾ. ಸು. ಹರ್ಡೀಕರರನ್ನು ಮರೆಯಲಾಗದು. ೧೮೮೯ರಲ್ಲಿ ಧಾರವಾಡದಲ್ಲಿ ಹುಟ್ಟಿ ಅಮೇರಿಕೆಯಲ್ಲಿಯೂ ವಿದ್ಯೆ ಕಲಿತ ಈ ವೈದ್ಯರು ಮುಂದೆ ಸೇವಾದಳವೆಂದು ಹೆಸರಾದ ಸಂಘವನ್ನು ೧೯೨೩ರಲ್ಲಿ ಸ್ಥಾಪಿಸಿದರು. ಅದು ಬಾಲಚರ ಸಂಘವಲ್ಲ, ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ದಳ. ಆದರೂ ಸಮವಸ್ತ್ರ, ಸಾಲು, ಆಜ್ಞಾಪಾಲನೆ ಇವು ಅದರ ಬೆನ್ನೆಲುಬಾಗಿದ್ದವು. ೧೯೨೪ರ ಡಿಸೆಂಬರದಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿದಾಗ ಅವರ ಸ್ವಯಂಸೇವಕರು ಅಲ್ಲಿ ಸೇವೆ ಮಾಡಿದರು. ಉಮಾಬಾಯಿ ಕುಂದಾಪುರ ಎಂಬವರು ೧೫೦ಕ್ಕೂ ಹೆಚ್ಚು ಸ್ತ್ರೀಯರನ್ನು ಕೂಡಿಸಿ ತಂದಿದ್ದರು. ಮುಂದೆ ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿಯ ಆರೋಗ್ಯಧಾಮವೇ ಹರ್ಡೀಕರರ ಸೇವೆಯ ಸ್ಥಳವಾಯಿತು. ೧೯೭೫ರಲ್ಲಿ ಅವರು ತೀರಿಕೊಂಡರು. ಸಾಲಿನಲ್ಲಿ ನಿಲ್ಲುವದನ್ನು ಕಲಿಸಿದವನೇ ರೋಗಿಯ ಹಾಸಿಗೆಯ ಬಳಿಯಲ್ಲಿಯೂ ನಿಂತನು.

೨. ಸಮವಸ್ತ್ರದ ಮರ್ಯಾದೆ

ಬಾಲಚರನ ಸಮವಸ್ತ್ರವೆಂದರೆ ಬೂದುಬಣ್ಣದ ಅಂಗಿ, ಕಡುನೀಲಿ ಚಡ್ಡಿ ಇಲ್ಲವೆ ಪಾಯಿಜಾರು, ಟೊಪ್ಪಿಗೆ, ಸೊಂಟದ ಪಟ್ಟ, ಕೊರಳಿಗೆ ದಳದ ಬಣ್ಣದ ಸ್ಕಾರ್ಫು. ಸಂಘಕ್ಕೆ ಸೇರಿದ ಗುರುತಿನ ಬಿಲ್ಲೆಯು ಎಡ ಜೇಬಿನ ಮೇಲೆ ಇರುವದು. ಇದರ ಮರ್ಯಾದೆಯ ನಿಯಮಗಳನ್ನು ಹೀಗೆ ಹೇಳಬಹುದು.

ಮೊದಲನೆಯದು, ಶುಚಿ. ಬಟ್ಟೆ ಹಳೆಯದಿರಬಹುದು, ತೇಪೆ ಹಚ್ಚಿದ್ದಿರಬಹುದು, ಹೊಲಸು ಇರಕೂಡದು. ಗುಂಡಿಗಳು ಹಾಕಿರಬೇಕು, ಉಗುರು ಕತ್ತರಿಸಿರಬೇಕು, ತಲೆ ಬಾಚಿರಬೇಕು.

ಎರಡನೆಯದು, ಪೂರ್ಣತೆ. ಅಂಗಿಯನ್ನು ಹಾಕಿಕೊಂಡು ಕೆಳಗೆ ಬಣ್ಣಬಣ್ಣದ ಬೇರೆ ಬಟ್ಟೆ ತೊಟ್ಟು ಜಾತ್ರೆಯಲ್ಲಿ ತಿರುಗುವದು ಸಲ್ಲದು. ಸಮವಸ್ತ್ರದಲ್ಲಿದ್ದವನು ತನ್ನೊಬ್ಬನ ಹೆಸರಿನಿಂದಲ್ಲ, ದಳದ ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಅವನು ಬಸ್ಸಿನಲ್ಲಿ ಮುದುಕಿಗೆ ಸ್ಥಳ ಬಿಟ್ಟುಕೊಟ್ಟರೆ ದಳಕ್ಕೇ ಗೌರವ. ಬೈದಾಡಿದರೆ ದಳಕ್ಕೇ ಅಪಕೀರ್ತಿ.

ಮೂರನೆಯದು, ಸತ್ಯ. ಗಳಿಸದೆ ಇದ್ದ ಬಿಲ್ಲೆಯನ್ನು ಧರಿಸುವದು ಬಾಯಿಂದ ಹೇಳದ ಸುಳ್ಳು.

ನಾಲ್ಕನೆಯದು, ಉಪಯೋಗ. ಕೊರಳಿನ ಸ್ಕಾರ್ಫು ಶೃಂಗಾರಕ್ಕಲ್ಲ. ಅದು ಮುಮ್ಮೂಲೆಯ ಬಟ್ಟೆ. ಕೈ ಮುರಿದವನಿಗೆ ಜೋಲಿಯಾಗುವದು, ಗಾಯಕ್ಕೆ ಕಟ್ಟಾಗುವದು. ಸ್ಕಾರ್ಫನ್ನು ಕಟ್ಟಿಕೊಂಡು ಜೋಲಿ ಕಟ್ಟಲು ಬಾರದವನು ಅರ್ಧ ಬಾಲಚರನೇ ಸರಿ.

೩. ಸಾಲಿನ ಅರ್ಥ

ದಳವು ಚಿಕ್ಕ ಗುಂಪುಗಳಿಂದ ಕೂಡಿರುವದು. ಒಂದು ಗುಂಪಿನಲ್ಲಿ ೬ರಿಂದ ೮ ಮಕ್ಕಳು. ಅವರಲ್ಲಿ ಒಬ್ಬನು ನಾಯಕನು, ಇನ್ನೊಬ್ಬನು ಉಪನಾಯಕನು. ‘ಸಾವಧಾನ’ ಎಂದಾಗ ಹಿಮ್ಮಡಿಗಳನ್ನು ಕೂಡಿಸಿ, ಕೈಗಳನ್ನು ಮಗ್ಗುಲಿಗೆ ಇಳಿಬಿಟ್ಟು, ಎದುರಿಗೆ ನೋಡುತ್ತಾ ಅಲುಗಾಡದೆ ನಿಲ್ಲತಕ್ಕದ್ದು. ‘ವಿಶ್ರಾಮ’ ಎಂದಾಗ ಎಡಗಾಲನ್ನು ಸರಿಸಿ ಕೈಗಳನ್ನು ಬೆನ್ನ ಹಿಂದೆ ಇಡತಕ್ಕದ್ದು. ಬಯಲಿನಲ್ಲಿ ಕೂಗು ಕೇಳಿಸದೆ ಇರುವದರಿಂದ ಸೀಟಿಯ ಸಂಜ್ಞೆಗಳೂ ಉಂಟು. ಒಂದು ಉದ್ದ ಸೀಟಿಯೆಂದರೆ ಸುಮ್ಮನಾಗಿ ಲಕ್ಷ್ಯಕೊಡಿರಿ. ಮೇಲಿಂದ ಮೇಲೆ ಚಿಕ್ಕ ಸೀಟಿಗಳೆಂದರೆ ಕೂಡಿ ಬನ್ನಿರಿ. ಉದ್ದ ಒಂದು, ಚಿಕ್ಕ ಒಂದು ಎಂದು ಬದಲಾಗಿ ಬಂದರೆ ಅಪಾಯವಿದೆ.

ಇನ್ನು ಸಾಲಿನ ಆಕಾರಗಳು. ನಡೆಯುವಾಗ ಒಬ್ಬರ ಹಿಂದೊಬ್ಬರು: ನಾಯಕನು ಮುಂದೆ, ಉಪನಾಯಕನು ಎಲ್ಲರಿಗೂ ಹಿಂದೆ. ಯಾಕಂದರೆ ನಡೆಯಲಾರದ ಚಿಕ್ಕವನು ಹಿಂದುಳಿದಾಗ ಅವನ ಹಿಂದೆ ಒಬ್ಬ ದೊಡ್ಡವನು ಇರಲೇಬೇಕು. ಧ್ವಜವನ್ನು ಏರಿಸುವಾಗ ಕುದುರೆಯ ಲಾಳದ ಆಕಾರ: ತೆರೆದ ಬಾಯಿಯಲ್ಲಿ ಧ್ವಜಸ್ತಂಭ, ಸುತ್ತಲೂ ಮಕ್ಕಳು. ಅಲ್ಲಿ ಹಿಂದಿನ ಸಾಲೆಂಬದೇ ಇಲ್ಲ. ಪ್ರತಿಯೊಬ್ಬನು ಧ್ವಜವನ್ನೂ ಕಾಣುತ್ತಾನೆ, ತನ್ನ ಜೊತೆಗಾರರ ಮುಖಗಳನ್ನೂ ಕಾಣುತ್ತಾನೆ.

ಸಾಲಿನಲ್ಲಿ ನಿಂತ ಮೇಲೆ ಎಣಿಕೆ. ಒಂದು, ಎರಡು, ಮೂರು ಎಂದು ಮಕ್ಕಳು ತಾವೇ ಹೇಳುತ್ತಾ ಹೋಗುತ್ತಾರೆ. ಲೆಕ್ಕವು ಮೊದಲಿನ ಸಂಖ್ಯೆಯನ್ನು ಮುಟ್ಟದಿದ್ದರೆ ಒಬ್ಬನು ತಪ್ಪಿದ್ದಾನೆಂದು ಆ ಕ್ಷಣದಲ್ಲಿಯೇ ತಿಳಿಯುವದು. ಮೂಡಲಗಿಯ ದನದ ಸಂತೆಯ ಗದ್ದಲವನ್ನಾಗಲಿ, ಹಿಡಕಲ್ಲಿನ ಅಣೆಕಟ್ಟಿನ ದಂಡೆಯನ್ನಾಗಲಿ, ಸುಮಾರು ೧೭೦ ಅಡಿ ಕೆಳಕ್ಕೆ ಧುಮುಕುವ ಗೋಕಾಕದ ಜಲಪಾತದ ಜಾರುಬಂಡೆಯನ್ನಾಗಲಿ ನೆನಸಿರಿ. ನಲವತ್ತು ಮಕ್ಕಳನ್ನು ಅಲ್ಲಿಗೆ ಕರೆದೊಯ್ದವನು ಸಂಜೆಗೆ ಮೂವತ್ತೊಂಬತ್ತು ಮಕ್ಕಳನ್ನು ತಂದರೆ ಯಾವ ತಾಯಿಗೆ ಏನೆಂದು ಉತ್ತರ ಕೊಟ್ಟಾನು? ೨೦೧೯ರ ಆಗಸ್ಟದಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ. ಅಂಥ ವೇಳೆಯಲ್ಲಿ ಒಂದು ಸೀಟಿಗೆ ಕೂಡಿಬರುವ, ಒಂದು ಮಾತಿಗೆ ನಿಲ್ಲುವ ಮಕ್ಕಳಿರುವದು ಎಷ್ಟು ದೊಡ್ಡ ಭದ್ರತೆ! ಐದು ಸಾವಿರ ಜನರಿಗೆ ಉಣಬಡಿಸುವದಕ್ಕೆ ಮುಂಚೆ ಅವರನ್ನು ಹುಲ್ಲಿನ ಮೇಲೆ ನೂರು ನೂರರಂತೆ, ಐವತ್ತು ಐವತ್ತರಂತೆ ಸಾಲಾಗಿ ಕೂಡ್ರಿಸಿದ ಸಂಗತಿಯನ್ನು ನಾವು ಸುವಾರ್ತೆಯಲ್ಲಿ ಓದುತ್ತೇವೆ. ಸಾಲು ಇದ್ದಲ್ಲಿ ಕಡೆಯಲ್ಲಿ ಕೂತ ಕೂಸೂ ಕೈಗೆ ಸಿಗುವದು.

೪. ವಂದನೆ

ಬಾಲಚರನ ವಂದನೆಯು ಬಲಗೈಯ ನಡುವಿನ ಮೂರು ಬೆರಳುಗಳಿಂದ. ಹೆಬ್ಬೆರಳು ಕಿರುಬೆರಳಿನ ಮೇಲೆ. ಆ ಮೂರು ಬೆರಳುಗಳು ಪ್ರತಿಜ್ಞೆಯ ಮೂರು ಭಾಗಗಳನ್ನು ನೆನಪಿಗೆ ತರುವವು: ದೇವರಿಗೂ ದೇಶಕ್ಕೂ ಮಾಡತಕ್ಕ ಕರ್ತವ್ಯ, ಪರರಿಗೆ ಸಹಾಯ, ಬಾಲಚರ ನಿಯಮದ ಪಾಲನೆ. ಹೆಬ್ಬೆರಳು ಕಿರುಬೆರಳನ್ನು ಕಾಯುವಂತೆ ಬಲವುಳ್ಳವನು ಬಲಹೀನನನ್ನು ಕಾಯಬೇಕೆಂಬ ಅರ್ಥವನ್ನೂ ಹೇಳುವದುಂಟು. ಬಾಲಚರರು ಕೈಕುಲುಕುವದು ಎಡಗೈಯಿಂದ. ನಮ್ಮ ಜನರು ಎಡಗೈಯನ್ನು ಕೀಳೆಂದು ಎಣಿಸುವದರಿಂದ ಇದು ಅವಮಾನವೆಂದು ತಿಳಿಯಬಹುದು, ಹಾಗಲ್ಲ. ಎಡಗೈಯಲ್ಲಿ ಗುರಾಣಿ ಹಿಡಿಯುವ ವೀರನು ನಂಬಿಗೆಯುಳ್ಳ ಮಿತ್ರನ ಮುಂದೆ ಆ ಗುರಾಣಿಯನ್ನು ಕೆಳಗಿಡುವನೆಂಬ ಆಫ್ರಿಕದ ಸಂಪ್ರದಾಯದಿಂದ ಇದು ಬಂದಿತೆಂದು ಹೇಳುತ್ತಾರೆ.

೫. ಸಂದೇಹಗಳಿಗೆ ಉತ್ತರ

ಇದು ಸಿಪಾಯಿಗಿರಿಯೋ? ಅಲ್ಲ. ಇಲ್ಲಿ ಆಯುಧವಿಲ್ಲ, ಶತ್ರುವಿಲ್ಲ. ಬಾಲಚರ ನಿಯಮದ ಒಂಬತ್ತು ಮಾತುಗಳಲ್ಲಿ ಶಿಸ್ತು ಒಂದು. ಸರ್ವರಿಗೂ ಮಿತ್ರನಾಗಿರುವದು, ಪ್ರಾಣಿಗಳಲ್ಲಿ ದಯೆಯಿಡುವದು, ಮಿತವ್ಯಯ ಮಾಡುವದು ಇವೂ ಅದರಲ್ಲಿ ಸೇರಿರುವವು.

ಇದು ತೋರಿಕೆಯೋ? ಅಧಿಕಾರಿಗಳು ಬರುವ ದಿನ ಮಾತ್ರ ಬಟ್ಟೆ ತೊಡಿಸಿ ಬಿಸಿಲಿನಲ್ಲಿ ನಿಲ್ಲಿಸಿದರೆ ತೋರಿಕೆಯೇ ಹೌದು. ಮಗುವು ಕಲಿತ ಶಿಸ್ತು ಮನೆಯಲ್ಲಿಯೂ ಬೀದಿಯಲ್ಲಿಯೂ ಕಂಡುಬಂದರೆ ತೋರಿಕೆಯಲ್ಲ.

ಖರ್ಚಿನ ಸಂದೇಹವೇ ಎಲ್ಲಕ್ಕೂ ಭಾರವಾದದ್ದು. ನಮ್ಮ ಹಿರಿಯರಲ್ಲಿ ಅನೇಕರು ಊಟದ ಪಂಕ್ತಿಯಿಂದ ದೂರವಾಗಿ, ಅಂಗಳದ ಆಚೆ ಕೂತು ಉಂಡವರು. ಸಾಲಿನಿಂದ ಹೊರಗೆ ನಿಲ್ಲುವದು ಎಂಥ ನೋವೆಂದು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಗೌಡನ ಮಗನೂ ಕೂಲಿಯವನ ಮಗನೂ ಒಂದೇ ಬಣ್ಣದಲ್ಲಿ ಭುಜಕ್ಕೆ ಭುಜ ಹಚ್ಚಿ ನಿಲ್ಲಲೆಂದೇ ಸಮವಸ್ತ್ರ. ಹೀಗಿರುವಲ್ಲಿ ಬಟ್ಟೆಯಿಲ್ಲದ ಮಗುವನ್ನು ಹಿಂದಕ್ಕೆ ನಿಲ್ಲಿಸಿದರೆ, ಭೇದವನ್ನು ಮುಚ್ಚಬೇಕಾದ ಬಟ್ಟೆಯೇ ಭೇದವನ್ನು ಹುಟ್ಟಿಸಿದಂತಾಗುವದು. ಉಣ್ಣೆಯ ಗಂಟಿನಿಂದ ಗುಂಪಿನ ಗುರುತು ಆಗಬಹುದಾದರೆ, ಒಗೆದ ಅಂಗಿಯ ಮೇಲೆ ಒಂದು ಸ್ಕಾರ್ಫು ನಮ್ಮ ಹಳ್ಳಿಯ ಮಗುವಿಗೆ ಆರಂಭದಲ್ಲಿ ಏಕೆ ಸಾಲದು?

೬. ಸಭೆಯ ಹಿರಿಯರು ಮಾಡತಕ್ಕದ್ದು

ಮಕ್ಕಳು ಬೆಳೆಯುತ್ತಾರೆ, ಬಟ್ಟೆಗಳು ಬೆಳೆಯುವದಿಲ್ಲ. ಒಬ್ಬನಿಗೆ ಗಿಡ್ಡವಾದ ಸಮವಸ್ತ್ರವನ್ನು ಒಗೆದು, ಗುಂಡಿ ಹಚ್ಚಿ, ಸಭೆಯ ಪೆಟ್ಟಿಗೆಯೊಂದರಲ್ಲಿ ಇಟ್ಟರೆ ಮುಂದಿನ ವರುಷ ಇನ್ನೊಬ್ಬನಿಗೆ ಆಗುವದು. ಕೊಡುವಾಗ ಎಲ್ಲರೆದುರಿಗೆ ಹೆಸರು ಕೂಗಿ ಕೊಡಬಾರದು; ತಾಯಿಯ ಕೈಗೆ ಗುಪ್ತವಾಗಿ ಮುಟ್ಟಿಸಬೇಕು. ಶಾಲೆಯ ಉಪಾಧ್ಯಾಯರನ್ನು ಕಂಡು, ಬಟ್ಟೆ ಹೊಂದಿಸುವ ವರೆಗೆ ಮಗುವನ್ನು ಸಾಲಿನಿಂದ ಬಿಡಬೇಡಿರೆಂದು ವಿನಯದಿಂದ ಕೇಳಿಕೊಳ್ಳಬೇಕು. ದಳವಿಲ್ಲದ ಹಳ್ಳಿಯಲ್ಲಿಯೂ ಸಾಲನ್ನೂ ಎಣಿಕೆಯನ್ನೂ ಸೀಟಿಯ ಸಂಜ್ಞೆಗಳನ್ನೂ ಕಲಿಸುವದಕ್ಕೆ ಒಂದು ಕಾಸಿನ ಖರ್ಚೂ ಬೇಕಾಗಿಲ್ಲ. ಮಕ್ಕಳನ್ನು ಹೊಳೆಯ ದಂಡೆಗೆ ಕರೆದೊಯ್ಯುವ ಮುಂಚೆ ಇಷ್ಟನ್ನಾದರೂ ಕಲಿಸಿರಿ.

ಆಲೋಚಿಸುವದಕ್ಕೆ ಪ್ರಶ್ನೆಗಳು

೧. ಗ್ಲಾಸ್ಗೋ ಪಟ್ಟಣದ ಹುಡುಗರು ದಿನನಿತ್ಯದ ಬಟ್ಟೆಯ ಮೇಲೆ ಏನೇನು ಧರಿಸುತ್ತಿದ್ದರು? ಯಾಕೆ?
೨. ನಡೆಯುವ ಸಾಲಿನಲ್ಲಿ ಉಪನಾಯಕನು ಎಲ್ಲರಿಗೂ ಹಿಂದೆ ಇರುವದೇಕೆ?
೩. ಸ್ಕಾರ್ಫಿನಿಂದ ಕೈಗೆ ಜೋಲಿ ಕಟ್ಟುವದನ್ನು ನಿಮ್ಮಲ್ಲಿ ಯಾರು ಮಾಡಿ ತೋರಿಸಬಲ್ಲರು?
೪. ನಮ್ಮ ಊರಿನಲ್ಲಿ ಬಟ್ಟೆಯಿಲ್ಲದ ಕಾರಣದಿಂದ ಸಾಲಿನ ಹೊರಗೆ ನಿಂತಿರುವ ಮಗು ಉಂಟೋ? ಅದರ ವಿಷಯವಾಗಿ ಈ ತಿಂಗಳು ನಾವು ಮಾಡತಕ್ಕದ್ದೇನು?