ನಿರ್ವಾತ ಗಾಜಿನ ಕಿಟಕಿ: ಅಂಚಿನ ಬಲವೇ ಅದರ ಬಲ

ಪುಣೆಗೆ ಗಾಜಿನ ಉದ್ಯಮ ಹೊಸದಲ್ಲ. ಸ್ವದೇಶೀ ಚಳವಳಿಯ ಕಾಲದಲ್ಲಿ, ಜನರಿಂದ ಪೈಸೆ ಪೈಸೆಯಾಗಿ ಕೂಡಿಸಿದ ‘ಪೈಸಾ ಫಂಡ್’ ನೆರವಿನಿಂದ 1908ರಲ್ಲಿ ಸಮೀಪದ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಸ್ಥಾಪಿತವಾಯಿತು. ಇಂದು ನಗರದ ಬಹುಮಹಡಿ ಮನೆಗಳಲ್ಲಿ ವಿಶಾಲವಾದ ಗಾಜಿನ ಕಿಟಕಿಗಳು ಸಾಮಾನ್ಯವಾಗಿವೆ. ಬೇಸಿಗೆಯ 40 ಡಿಗ್ರಿ ಸೆಲ್ಸಿಯಸ್ ತಾಪ ಅವುಗಳ ಮೂಲಕ ಒಳಹೊಕ್ಕಾಗ ವೃದ್ಧರೂ ಹಸುಳೆಗಳೂ ಹೃದ್ರೋಗಿಗಳೂ ಮೊದಲು ಬಳಲುತ್ತಾರೆ. ಆದುದರಿಂದ ಕಿಟಕಿಯು ಆರೋಗ್ಯದ ವಿಷಯವೂ ಹೌದು.

1892ರಲ್ಲಿ ಜೇಮ್ಸ್ ಡ್ಯೂವಾರ್ ರೂಪಿಸಿದ ಪಾತ್ರೆಯಿಂದ ನಮ್ಮ ಥರ್ಮಾಸ್ ಫ್ಲಾಸ್ಕ್ ಹುಟ್ಟಿತು. ಅದೇ ತತ್ತ್ವವನ್ನು ಚಪ್ಪಟೆ ಗಾಜಿಗೆ ಅಳವಡಿಸುವಲ್ಲಿ ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯವು 1989ರಲ್ಲಿ ಯಶಸ್ವಿಯಾಯಿತು. ಎರಡು ಗಾಜುಗಳ ನಡುವೆ ಮಿಲಿಮೀಟರಿನ ಸುಮಾರು ಐದನೆಯ ಒಂದು ಭಾಗದಷ್ಟು ಎಡೆ ಬಿಟ್ಟು, ಅಲ್ಲಿಯ ಗಾಳಿಯನ್ನು ಹೊರತೆಗೆಯುತ್ತಾರೆ. ಪುಣೆಯ ಎತ್ತರದಲ್ಲಿಯೂ ವಾತಾವರಣವು ಪ್ರತಿ ಚದರ ಮೀಟರಿಗೆ ಸುಮಾರು ಒಂಬತ್ತೂವರೆ ಟನ್ ಭಾರ ಹೇರುತ್ತದೆ. ಗಾಜುಗಳು ಒಂದಕ್ಕೊಂದು ತಾಗದಂತೆ ಸಣ್ಣ ಸಣ್ಣ ಕಂಬಗಳು ತಡೆಯುತ್ತವೆ. ಗಾಳಿಯು ಮರಳಿ ನುಸುಳದಂತೆ ಕಾಯುವುದು ಅಂಚಿನ ಬೆಸುಗೆ.

ಈ ಅಂಚೇ ಮರ್ಮಸ್ಥಾನ. ಹೊರಗಿನ ಗಾಜು ಬಿಸಿಲಿಗೆ ಹಿಗ್ಗುತ್ತದೆ. ಒಳಗಿನದು ತಂಪಾಗಿಯೇ ಇರುತ್ತದೆ. ಎರಡೂ ಅಂಚಿನಲ್ಲಿ ಬಿಗಿಯಾಗಿ ಕೂಡಿರುವುದರಿಂದ ಗಾಜು ಬಾಗುತ್ತದೆ, ಬೆಸುಗೆಯ ಮೇಲೆ ಎಳೆತ ಬೀಳುತ್ತದೆ. ಕೂದಲೆಳೆಯ ಬಿರುಕೊಂದೇ ಸಾಕು, ನಿರ್ವಾತ ನಷ್ಟವಾಗುತ್ತದೆ. ಎಡೆಯು ಅತಿ ಕಿರಿದಾದ್ದರಿಂದ, ಗಾಳಿ ತುಂಬಿದ ಮೇಲೆ ಅಂತಹ ಕಿಟಕಿಯು ಸಾಧಾರಣ ಒಂಟಿ ಗಾಜಿಗಿಂತ ಹೆಚ್ಚೇನೂ ಮೇಲಲ್ಲ. ತೆತ್ತ ಹಣವೆಲ್ಲ ವ್ಯರ್ಥ.

ಅಂಚನ್ನು ಬಲಪಡಿಸುವ ಮಾರ್ಗಗಳು ಇವು:

1. ಬೆಸುಗೆಯ ವಸ್ತುವು ಕಿಟಕಿಯ ಗಾಜಿನಷ್ಟೇ ಹಿಗ್ಗಿ ಕುಗ್ಗುವಂತಿರಬೇಕು.

2. ಅಂಚು ಶುಚಿಯಾಗಿರಬೇಕು, ಬೆಸುಗೆಯಲ್ಲಿ ಗಾಳಿಗುಳ್ಳೆ ಉಳಿಯಬಾರದು, ಬೆಸೆದ ನಂತರ ನಿಧಾನವಾಗಿ ತಣಿಸಬೇಕು.

3. ಗಾಜಿನ ಬೆಸುಗೆಗೆ ಸುಮಾರು 450 ಡಿಗ್ರಿ ಶಾಖ ಬೇಕಾಗುವುದುಂಟು. ಆ ಶಾಖದಲ್ಲಿ ಹದಗೊಳಿಸಿದ ಗಾಜು ತನ್ನ ಗಡಸುತನ ಕಳೆದುಕೊಳ್ಳುತ್ತದೆ. ಸುಮಾರು 157 ಡಿಗ್ರಿಯಲ್ಲೇ ಕರಗುವ ಇಂಡಿಯಂ ಲೋಹ ಇದಕ್ಕೊಂದು ಪರಿಹಾರ. ಆದರೆ ಅದು ಮೃದು, ದುಬಾರಿ. ತೇವದಿಂದ ಕಾಪಾಡಲು ಹೊರಗೆ ಮತ್ತೊಂದು ಲೇಪ ಬೇಕು.

4. ಚೌಕಟ್ಟು ಅಂಚನ್ನು ಆಳವಾಗಿ ಮುಚ್ಚಬೇಕು. ನಡುವೆ ಮೆತ್ತನೆಯ ರಬ್ಬರ್ ಪಟ್ಟಿಯಿರಬೇಕು. ಸಿದ್ಧವಾದ ಗಾಜನ್ನು ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ. ಆದುದರಿಂದ ಅಳತೆ ಮೊದಲೇ ನಿಖರವಾಗಿರಲಿ.

ಕೊಳ್ಳುವವರು ಬೆಲೆಗಿಂತ ಮೊದಲು, ನಿರ್ವಾತಕ್ಕೆ ಎಷ್ಟು ವರ್ಷಗಳ ಲಿಖಿತ ಖಾತರಿಯಿದೆಯೆಂದು ಕೇಳುವುದು ವಿವೇಕ. ಸೋರಿಕೆ ಕಣ್ಣಿಗೆ ಕಾಣುವುದು ವಿರಳ. ಒಂದೇ ಬಿಸಿಲಿಗೆ ಒಡ್ಡಿದ ಜೊತೆ ಕಿಟಕಿಗಳಲ್ಲಿ ಒಂದರ ಒಳಗಾಜು ಮಾತ್ರ ಹೆಚ್ಚು ಬಿಸಿಯಾದರೆ ಸಂಶಯಪಡಬೇಕು.

ನೇರ ಬಿಸಿಲಿನ ಕಿರಣಗಳಿಗೆ ನಿರ್ವಾತವೊಂದೇ ಸಾಲದು. ಛಜ್ಜೆಯಾಗಲಿ ಪರದೆಯಾಗಲಿ ಬೇಕೇ ಬೇಕು. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಅಡುಗೆಯ ಹೊಗೆ, ಉಸಿರಿನ ತೇವಗಳು ಉಳಿದು ಬೂಷ್ಟು ಬೆಳೆಯುತ್ತದೆ. ಎಷ್ಟೇ ಉತ್ತಮ ಕಿಟಕಿಯಾದರೂ ಬೆಳಿಗ್ಗೆ ಸಂಜೆ ಕೆಲಹೊತ್ತು ತೆರೆದಿಡುವುದು ಮನೆಮಂದಿಗೆಲ್ಲ ಹಿತಕರ.